ಆಚೆ ದಂಡೆ ಇದ್ದ ದರ್ಯಾ

ಮೌನಮ್ಮನಿಗೆ ನಾಟಕದ ಹುಚ್ಚು ಎಂದು ತಿಂಥಣಿಯಲ್ಲಿ ಎಲ್ಲರೂ ನಂಬಿದ್ದರು. ಮುದನಾಳದಲ್ಲಿ ನಾಟಕವಿದ್ದರೂ ಆಕೆ ಬಸ್ಸು ಹತ್ತುವಳು, ಬಳಿಚಕ್ರದಲ್ಲಿದ್ದರೂ ಹತ್ತುವಳು. ಹೊಳೆ ದಂಡೆಯಲ್ಲಿ ಮೀನು ಮಾರುವ ಹೆಂಗಸು. ಕೈಯ ವಾಸನೆ ಹೋಗಲೆಂದು ಹುಣಸೆಹಣ್ಣು ತಿಕ್ಕಿ ತೊಳೆದು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ರೊಟ್ಟಿ ಗಂಟು ಹಿಡಿದು ಹೊರಟಳೆಂದರೆ ಚಹಾದಂಗಡಿಯ ಕಟ್ಟೆಯ ಮೇಲಿನವರಿಗೆ ಬಾಯಿ ತುರಿಸುತ್ತಿತ್ತು.

"ಹೊಂಟ್ಲು ನೋಡ್ರಿ ಮೌನಮ್ಮ. ಹೀರೋಯಿನ್ ಪಾರ್ಟು ಖಾಲಿ ಐತಂತ."

"ಅಗಸನ ಕತ್ತೀ ಪಾರ್ಟೂ ಖಾಲಿ ಐತಿ, ನೀ ಬರ್ತೀಯೇನು?" ಎಂದು ತಿರುಗಿ ನೋಡದೆ ಹೇಳಿ ಆಕೆ ಬಸ್ಸಿನೊಳಗೆ ಹೋಗುತ್ತಿದ್ದಳು.

ನಿಜ ಬೇರೆ ಇತ್ತು. ಮೂವತ್ತು ವರ್ಷದಲ್ಲಿ ಆಕೆ ಒಂದು ನಾಟಕವನ್ನೂ ಕಡೆಯತನಕ ನೋಡಿದವಳಲ್ಲ. ಆ ಭಾಗದ ಊರುಗಳಲ್ಲಿ ಮೇಲಿಂದ ಮೇಲೆ ಆಡುವ ಒಂದು ನಾಟಕವಿದೆ. ಮುದುಕಿಯೊಬ್ಬಳ ಮಗ ಹಡಗು ಹತ್ತಿ ದೂರದೇಶಕ್ಕೆ ವ್ಯಾಪಾರಕ್ಕೆ ಹೋಗುತ್ತಾನೆ. ಅವನು ಹೊರಡುವ ಹೊತ್ತಿಗೆ ಹಿಂದೆ ನೀರಿನ ಚಿತ್ರವಿರುವ ಒಂದು ಪರದೆ ಇಳಿಯುತ್ತದೆ. ಹೆಚ್ಚೆಂದರೆ ಎಂಟು ನಿಮಿಷ. ಮೌನಮ್ಮ ಕಡೆಯ ಸಾಲಿನಲ್ಲಿ ಕುಳಿತು ಆ ಎಂಟು ನಿಮಿಷ ರೆಪ್ಪೆ ಬಡಿಯದೆ ಪರದೆ ನೋಡುವಳು. ಪರದೆ ಮೇಲೆ ಹೋದ ಕೂಡಲೇ ಗಂಟು ಹಿಡಿದು ಎದ್ದುಬಿಡುವಳು. ಮಗ ಏನಾದ, ಮುದುಕಿ ಏನಾದಳು ಎಂಬುದು ಆಕೆಗೆ ಗೊತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ಪರದೆಯಲ್ಲಿ ಆಕೆಯ ಗಂಡನಿದ್ದ.

ದೇವಿಂದ್ರ ಹರಗೋಲು ನಡೆಸುತ್ತಿದ್ದ. ಹೊಳೆಯ ಆಚೆ ದಂಡೆಗೆ, ನಡುಗಡ್ಡೆಗಳಿಗೆ, ಜನ, ಆಡು, ಜೋಳದ ಚೀಲ, ಏನಿದ್ದರೂ ಆ ದುಂಡನೆಯ ಬುಟ್ಟಿಯಲ್ಲಿ ಹಾಕಿಕೊಂಡು ಹುಟ್ಟು ಹಾಕುತ್ತಿದ್ದ. ಸಂಜೆ ಕೆಲಸ ಮುಗಿದ ಮೇಲೆ ಹರಗೋಲನ್ನು ದಂಡೆಗೆ ಎಳೆದು, ಬೋರಲು ಹಾಕಿ, ಅದರ ತಳಕ್ಕೆ ಹುಟ್ಟಿನಿಂದ ಮೂರು ಸಲ ಬಡಿಯುತ್ತಿದ್ದ, ಅಂಟಿದ ಮರಳು ಉದುರಲೆಂದು. ಮನೆಯಲ್ಲಿ ಮೌನಮ್ಮ ಆ ಮೂರು ಪೆಟ್ಟು ಕೇಳಿಯೇ ಒಲೆಯ ಮೇಲೆ ಹಂಚು ಇಡುತ್ತಿದ್ದಳು. ಒಂದು ವರ್ಷ ಹೊಳೆ ಒಮ್ಮೆಲೇ ಏರಿದ ದಿನ ಪೆಟ್ಟು ಕೇಳಲಿಲ್ಲ. ಹರಗೋಲು ಎರಡು ಹರದಾರಿ ಕೆಳಗೆ ಮುಳ್ಳುಕಂಟಿಯಲ್ಲಿ ಸಿಕ್ಕಿತು. ಅವನು ಸಿಗಲಿಲ್ಲ. ಆಗ ಆಕೆಗೆ ಇಪ್ಪತ್ತನಾಲ್ಕು, ಹೊಟ್ಟೆಯಲ್ಲಿ ಐದು ತಿಂಗಳ ಕೂಸು.

ಅವರಲ್ಲಿ ಸತ್ತವರನ್ನು ಮಣ್ಣು ಮಾಡುತ್ತಾರೆ. ಮಣ್ಣು ಮಾಡಲು ಏನಾದರೂ ಸಿಗಬೇಕಲ್ಲ. ಹಿರಿಯರ ಅಮಾವಾಸ್ಯೆಗೆ ಊರವರೆಲ್ಲ ತಮ್ಮ ತಮ್ಮವರನ್ನು ಹೂತ ಗುದ್ದಿನ ಮುಂದೆ ಎಡೆ ಇಟ್ಟು ಬಂದರೆ, ಮೌನಮ್ಮ ತನ್ನ ಎಡೆಯನ್ನು ಹೊಳೆಗೆ ಬಿಡುತ್ತಿದ್ದಳು. ಬಿಡುವಾಗಲೆಲ್ಲ ಗಂಡನನ್ನು ತಿಂದ ಬಾಯಿಗೇ ಮತ್ತೆ ಉಣಿಸಿದಂತಾಗಿ ಸಿಟ್ಟು ಬರುತ್ತಿತ್ತು. ಫೋಟೋ ಒಂದಿತ್ತು, ಮದುವೆಯದು. ಅದೂ ಮುಂದೆ ಮನೆಗೆ ನೀರು ನುಗ್ಗಿದ ವರ್ಷ ನೆನೆದು ಬೆಳ್ಳಗಾಗಿ ಹೋಯಿತು.

ಹಾಗಾಗಿ ಉಳಿದದ್ದು ಪರದೆ. ಅದನ್ನು ಬರೆದವನು ಸುರಪುರದ ರಂಗಂಪೇಟೆಯ ಪೇಂಟರ್ ಚನ್ನಯ್ಯ. ನಾಟಕಗಳಿಗೆ ಪರದೆ ಬಾಡಿಗೆಗೆ ಕೊಡುವುದು ಅವನ ಕಸುಬು. ಅರಮನೆ, ಕಾಡು, ಬೀದಿ, ಬಡವರ ಮನೆ, ಎಲ್ಲ ಅವನ ಅಂಗಡಿಯ ಅಟ್ಟದ ಮೇಲೆ ಬಿದಿರಿಗೆ ಸುತ್ತಿ ಮಲಗಿರುತ್ತವೆ. ವಯಸ್ಸಿನಲ್ಲಿದ್ದಾಗ ಬೆಳಗಾವಿ ಕಡೆಯ ಒಬ್ಬ ನಾಟಕ ಕಂಪನಿಯ ಮಾಲಕ ಅವನಿಗೆ, "ಒಂದು ದರ್ಯಾ ಬರೆದು ಕೊಡು" ಎಂದಿದ್ದ. ಸುರಪುರ, ಶಹಾಪುರದ ಸಂತೆಯಲ್ಲಿ ದರ್ಯಾ ಎಂದರೆ ಹೊಳೆ. ಚನ್ನಯ್ಯ ಸೀದಾ ತಿಂಥಣಿಗೆ ಬಂದು, ಎಂಟು ದಿನ ದೇವಿಂದ್ರನ ಹರಗೋಲಿನಲ್ಲಿ ತಿರುಗಾಡಿ, ಕೃಷ್ಣೆಯನ್ನು ಬರೆದ. ಈ ಕಡೆ ಬಂಡೆ, ಆ ಕಡೆ ಹಸಿರು ದಂಡೆ, ನಡುನೀರಿನಲ್ಲಿ ಹರಗೋಲು, ಅದರಲ್ಲಿ ಕೆಂಪು ರುಮಾಲು ಸುತ್ತಿ ಹುಟ್ಟು ಹಿಡಿದು ನಿಂತ ದೇವಿಂದ್ರ. ಮಾಲಕ ಬಂದು ನೋಡಿ ಹಣೆ ಬಡಿದುಕೊಂಡ. ಅವನ ಕಡೆ ದರ್ಯಾ ಎಂದರೆ ಸಮುದ್ರ.

"ದರ್ಯಾಕ್ಕ ಆಚಿ ದಂಡಿ ಇರ್ತೈತೇನೋ?" ಎಂದು ಅವನು ಕೇಳಿದನಂತೆ.

"ಇಲ್ಲದಿದ್ರ ಜನ ಎಲ್ಲಿಗಿ ಹೋಗಿ ಇಳೀತಾರ್ರಿ?" ಎಂದು ಚನ್ನಯ್ಯ ತಿರುಗಿ ಕೇಳಿದನಂತೆ.

ಮಾಲಕ ಪರದೆ ಒಯ್ಯಲಿಲ್ಲ. ಅದು ಚನ್ನಯ್ಯನಲ್ಲೇ ಉಳಿಯಿತು, ಊರೂರಿಗೆ ಬಾಡಿಗೆಗೆ ಹೋಯಿತು. ಸಮುದ್ರ ಕಂಡವರು ಆ ಭಾಗದಲ್ಲಿ ಯಾರಿದ್ದರು? ಮುದುಕಿಯ ಮಗ ಹಡಗು ಹತ್ತುವುದು ಕೃಷ್ಣೆಯಲ್ಲೇ ಎಂದು ಮೂವತ್ತು ವರ್ಷ ಜನ ಒಪ್ಪಿಕೊಂಡು ಕಣ್ಣೀರು ಹಾಕಿದರು. ಪರದೆ ಯಾವಾಗ ಯಾವ ಊರಿಗೆ ಹೊರಡುತ್ತದೆ ಎಂಬ ಸುದ್ದಿ ಮೌನಮ್ಮನಿಗೆ ತಪ್ಪುತ್ತಿರಲಿಲ್ಲ. ತಿಂಥಣಿಯ ಚಹಾದಂಗಡಿಯ ಗೋಡೆಗೆ ನಾಟಕದ ಚೀಟಿ ಯಾರೋ ಅಂಟಿಸಿ ಹೋಗಿರುತ್ತಿದ್ದರು.

ಈ ಸಲ ಚೀಟಿ ಬರಲಿಲ್ಲ. ಚನ್ನಯ್ಯನೇ ಬಂದ. ಎಪ್ಪತ್ತು ದಾಟಿದ ಮನುಷ್ಯ, ಬಸ್ಸಿಳಿದು ಕೋಲೂರಿಕೊಂಡು ಮೀನಿನ ಬುಟ್ಟಿಯ ಮುಂದೆ ನಿಂತ.

"ಮೌನಮ್ಮ, ದರ್ಯಾ ಪರದಿ ಸಮುದ್ರಕ್ಕ ಹೊಂಟೈತಿ."

"ಯಾವ ಸಮುದ್ರಕ್ಕರಿ?"

"ಕಾರವಾರದ ಕಡಿ. ನೀರಿನ ದಂಡಿಮ್ಯಾಲೇ ಒಂದು ಥೇಟರ್ ಐತಂತ. ಊರೂರು ತಿರುಗೋ ತಂಡದವರನ್ನ ಕರಸಿ ಆಡಸ್ತಾರ. ಶಹಾಪುರದ ಮಹೇಶಕುಮಾರ ಸರ್ ತಂಡಕ್ಕ ಕರಿ ಬಂದೈತಿ. ನೀನೂ ಬಾ."

"ಮೀನು ಯಾರು ಮಾರ್ತಾರ?"

"ನಾಕು ದಿನ ಹೊಳ್ಯಾಗ ಈಸ್ಯಾಡ್ಲಿ ಬಿಡು. ಅವಕ್ಕೂ ಒಂದೀಟು ಸೂಟಿ ಬೇಕು."

ಮೌನಮ್ಮ ನಕ್ಕಳು. ಆದರೆ ಆಕೆ ವ್ಯಾಪಾರದ ಹೆಂಗಸು. ಗಿರಾಕಿ ಮುಖ ನೋಡದೆ ಬುಟ್ಟಿಯನ್ನೇ ನೋಡಿ ಮಾತಾಡಿದರೆ ಮನಸ್ಸಿನಲ್ಲಿ ಬೇರೇನೋ ಇದೆ ಎಂದು ಆಕೆಗೆ ಗೊತ್ತು. ಚನ್ನಯ್ಯ ಬುಟ್ಟಿಯನ್ನೇ ನೋಡುತ್ತಿದ್ದ. ಆದರೂ ಆಕೆ ಹೂಂ ಎಂದಳು. ಪರದೆ ಅಷ್ಟು ದೂರ ಒಂಟಿಯಾಗಿ ಹೋಗುವುದು ಆಕೆಗೆ ಸರಿ ಕಾಣಲಿಲ್ಲ.

ತಂಡದವರ ಕ್ರೂಸರ್ ಗಾಡಿಯ ಮೇಲೆ ಪರದೆಯ ಬಿದಿರನ್ನು ತಾಡಪಾಲು ಸುತ್ತಿ ಕಟ್ಟಿದರು. ದಾರಿಯುದ್ದಕ್ಕೂ ಗಾಡಿ ಕುಣಿದಾಗಲೆಲ್ಲ ಮೌನಮ್ಮ ತಲೆ ಎತ್ತಿ ಮೇಲೆ ನೋಡುತ್ತಿದ್ದಳು. ಮರುದಿನ ಬೆಳಿಗ್ಗೆ ಗಾಳಿಯಲ್ಲಿ ಒಣಮೀನಿನ ವಾಸನೆ ಬಂತು. ಆಕೆಗೆ ತನ್ನ ಮನೆಯ ಬಾಗಿಲಿಗೇ ಬಂದಂತಾಯಿತು.

ಥೇಟರು ಮರಳಿನ ಅಂಚಿಗೇ ಇತ್ತು. ಉಪ್ಪು ಗಾಳಿಗೆ ಸುಣ್ಣ ಹೊಪ್ಪಳೆದ್ದ ಗೋಡೆ, ತುಕ್ಕು ತಿಂದ ಕೊಂಡಿಗಳು, ಒಳಗೆ ಇನ್ನೂರು ಮುನ್ನೂರು ಕಟ್ಟಿಗೆಯ ಕುರ್ಚಿ. ರಂಗದ ಹಿಂದೆ ಒಂದು ಅಗಲವಾದ ಬಾಗಿಲು. ತಂಡದವರು ಸಾಮಾನು ಒಳಗೆ ತರಲೆಂದು ಮಾಡಿದ್ದು. ಅದನ್ನು ತೆರೆದರೆ ಎದುರಿಗೆ ನೀರು. ಬಣ್ಣ ಹಚ್ಚಿಕೊಳ್ಳುವ ಕೋಣೆಯ ಗೋಡೆಯ ಮೇಲೆ ಇದುವರೆಗೆ ಬಂದು ಹೋದ ತಂಡಗಳು ತಮ್ಮ ಊರು, ತಾರೀಕು ಬರೆದಿದ್ದವು. ಕೆಲವು ಆ ಗಾಳಿಗೆ ಅರ್ಧ ಅಳಿಸಿದ್ದವು.

ಅಲ್ಲಿಯ ಕಾವಲುಗಾರ ಅತೀಕ ಶಹಾಪುರದವನೇ. ಹದಿನೈದು ವರ್ಷದ ಹಿಂದೆ ಆ ಕಟ್ಟಡದ ಮಾಳಿಗೆ ಹಾಕಲು ಕೂಲಿಗೆ ಬಂದವನು, ಮಾಳಿಗೆಯ ಕೆಳಗೇ ಉಳಿದುಬಿಟ್ಟಿದ್ದ. ಅವರ ಮಾತು ಕಿವಿಗೆ ಬಿದ್ದ ಕೂಡಲೇ ಓಡಿ ಬಂದ.

"ನಮ್ಮ ಕಡಿ ಮಾತು ಕೇಳಿ ಎಷ್ಟ ದಿನ ಆಗಿತ್ತವ್ವ. ಇಲ್ಲಿ ನಾ ಕುಡ್ಯಾಕ ನೀರು ಕೇಳಿದ್ರೂ ಜಗಳ ತಗದಾನಂತ ತಿಳೀತಾರ."

"ನೀರು ಇಷ್ಟು ಅದಾವಲ್ಲಪ್ಪ, ಕೇಳೋದ್ಯಾಕ?"

"ಬಾಯಾಗ ಹಾಕಿ ನೋಡವ್ವ, ಗೊತ್ತಾಗ್ತದ." ಅವನು ನೀರಿನ ಕಡೆ ಕೈ ತೋರಿಸಿದ. "ಇಲ್ಲಿಯವರು ಇದಕ್ಕ ದರ್ಯಾ ಅಂತಾರ. ಬಂದ ಹೊಸದಾಗಿ, ದರ್ಯಾಕ್ಕ ಜಳಕಾ ಮಾಡಾಕ ಹೋಗು ಅಂದ್ರು. ನಾ ಊರೆಲ್ಲ ಹೊಳಿ ಹುಡುಕಿದೆ."

ಮೌನಮ್ಮ ಹಿಂದಿನ ಬಾಗಿಲಲ್ಲಿ ನಿಂತು ನೋಡಿದಳು. ನೋಡಿದಷ್ಟೂ ನೀರು. ಎದುರಿಗೆ ಕಣ್ಣಿಗೆ ಆಧಾರವಾಗಿ ಒಂದು ಮರವಾಗಲಿ, ಗುಡ್ಡವಾಗಲಿ ಇಲ್ಲ. ಪಕ್ಕದಲ್ಲಿ ಚನ್ನಯ್ಯನೂ ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಸಮುದ್ರ ನೋಡುತ್ತಿದ್ದ ಅವನ ಮುಖ, ಲೆಕ್ಕ ತಪ್ಪಿ ಮಾಸ್ತರರ ಮುಂದೆ ನಿಂತ ಹುಡುಗನದಂತಿತ್ತು.

ತಂಡದ ಮುಖ್ಯಸ್ಥ ಮಹೇಶಕುಮಾರ ಶಹಾಪುರದ ಹೈಸ್ಕೂಲಿನಲ್ಲಿ ಮಾಸ್ತರ, ಒಳ್ಳೆಯ ಮನಸ್ಸಿನ ಹುಡುಗ. ಆಕೆಯ ಕಥೆ ಚನ್ನಯ್ಯನಿಂದ ಅವನಿಗೆ ಗೊತ್ತಾಗಿತ್ತು. ಮೆಲ್ಲಗೆ ಹತ್ತಿರ ಬಂದು, "ಅವ್ವಾರ, ಎಲ್ಲಾ ಹೊಳಿನೂ ಇಲ್ಲಿಗೇ ಬಂದು ಕೂಡ್ತಾವ್ರಿ. ಅವರೂ ಇಲ್ಲೇ ಅದಾರ ಅಂತ ತಿಳ್ಕೋರಿ" ಎಂದ.

"ಸರ್, ನಮ್ಮ ಹೊಳಿ ಹೊತ್ತು ಹುಟ್ಟೋ ದಿಕ್ಕಿಗಿ ಹರೀತೈತಿ. ಇದು ಹೊತ್ತು ಮುಣಗೋ ದಿಕ್ಕು" ಎಂದಳು ಮೌನಮ್ಮ. "ನಾ ಅವರನ್ನ ಹುಡುಕ್ಯಾಡಾಕ ಬಂದಿಲ್ಲ. ಪರದಿ ಸಂಗಾಟ ಬಂದೀನಿ."

ಮಹೇಶಕುಮಾರ ಕಿವಿ ಕೆಂಪಗೆ ಮಾಡಿಕೊಂಡು ಪರದೆ ಇಳಿಸಲು ಗಾಡಿಯ ಕಡೆ ಹೋದ.

ಹತ್ತು ಗಂಟೆಗೆ ರಂಗದ ಮೇಲೆ ಪರದೆ ಬಿಚ್ಚಿ ಹಾಸಿದರು. ಥೇಟರಿನ ಕಮಿಟಿಯವರೊಬ್ಬರು ನೋಡಲು ಬಂದರು. ಸುತ್ತು ಹಾಕಿ ನೋಡಿ, ಬಹಳ ಮರ್ಯಾದೆಯಿಂದಲೇ, "ಚಂದ ಇದೆ. ಇದು ನಿಮ್ಮೂರ ಕೆರೆಯಾ?" ಎಂದು ಕೇಳಿ ಹೋದರು. ತಂಡದ ಹುಡುಗರು ಮುಖ ಮುಖ ನೋಡಿಕೊಂಡರು. ಚನ್ನಯ್ಯ ಕೋಲು ಕೆಳಗಿಟ್ಟು ತನ್ನ ಚೀಲದಿಂದ ಒಂದೊಂದಾಗಿ ಬಣ್ಣದ ಪುಡಿ, ಅಂಟು, ಕುಂಚ ತೆಗೆದು ಸಾಲಾಗಿ ಇಟ್ಟ. ನೀಲಿಯೇ ನಾಲ್ಕು ಡಬ್ಬಿ ಇತ್ತು. ಮೌನಮ್ಮನಿಗೆ ಆಗ ತಿಳಿಯಿತು.

"ಅದನ್ನ ಅಳಸಾಕ ಬಂದೀರೇನ್ರಿ?"

ಉತ್ತರ ಕೊಟ್ಟವನು ಮಹೇಶಕುಮಾರ. "ಅವ್ವಾರ, ಇಲ್ಲಿ ಕುಂತು ನೋಡೋರೆಲ್ಲ ಸಮುದ್ರದಾಗ ಹುಟ್ಟಿ ಬೆಳದ ಮಂದಿ. ಮಗ ದೂರದೇಶಕ್ಕ ಹೋಗ್ತಾನ, ತಾಯಿ ಎದಿ ಒಡಕೊಂಡು ಅಳ್ತಾಳ. ಹಿಂದ ನೋಡಿದ್ರ ಆಚಿ ದಂಡಿ ಕಾಣತೈತಿ, ನಡುವ ಹರಗೋಲ. ಈಸಿ ಹೋಗಬಹುದು ಅಂತ ನಗ್ತಾರ್ರಿ. ಆ ತಾಯಿ ಪಾರ್ಟು ಮಾಡೋ ಉಮಾಶ್ರೀ ಎಂಟು ತಿಂಗಳ ಕಷ್ಟಪಟ್ಟಾಳ. ಅಳು ಬರೋ ಜಾಗದಾಗ ನಗಿ ಬಂದ್ರ ಆಕಿ ಗತಿ?"

ಮಾತು ಸುಳ್ಳಲ್ಲ ಎಂದು ಮೌನಮ್ಮನಿಗೂ ಅನಿಸಿತು. ಅದಕ್ಕೇ ಸಿಟ್ಟು ಹೆಚ್ಚಾಯಿತು. ಆಕೆ ಚನ್ನಯ್ಯನ ಕಡೆ ತಿರುಗಿದಳು.

"ನನ್ನ ಬಾಯಿಂದ ಹೂಂ ಅನಸಾಕ ಇಷ್ಟು ದೂರ ಕರಕೊಂಡು ಬಂದ್ರಿ. ತಿಂಥಣ್ಯಾಗ ಕೇಳಿದ್ರ ಬ್ಯಾಡ ಅಂತಿದ್ದೆ, ಅಲ್ಲೇನ್ರಿ?"

"ಹೌದು" ಎಂದ ಚನ್ನಯ್ಯ. "ಇಲ್ಲಿ ಬಂದೂ ಬ್ಯಾಡ ಅಂದ್ರ ಅಳಸೂದಿಲ್ಲ. ಡಬ್ಬಿ ತಿರುಗಿ ಚೀಲದಾಗ ಹೋಗ್ತಾವ. ಸರ್‌ಗೆ ಮೊದಲ ಹೇಳೀನಿ. ಆಕಿ ಬರ್ಬೇಕು, ಆಕಿ ಮಾತು ಕಡೀ ಮಾತು ಅಂತ."

"ನಿಮಗ ಹ್ಯಾಂಗ ಗೊತ್ತು, ನಾ ಅದನ್ನ ನೋಡಾಕ ಬರ್ತಿದ್ದೆ ಅಂತ? ಒಂದ ದಿನಾನೂ ಹೇಳಿದಾಕಿ ಅಲ್ಲ."

"ಮೂವತ್ತು ವರ್ಷ ಚಾದಂಗಡಿ ಗ್ವಾಡಿಗಿ ಚೀಟಿ ಯಾರು ಹಚ್ಚತಿದ್ರು ಅಂದ್ಕೊಂಡಿದ್ದಿ, ತಂಗಿ?"

ಮೌನಮ್ಮ ಪರದೆಯ ಅಂಚಿಗೆ ಬಂದಳು. ಚಪ್ಪಲಿ ಬಿಟ್ಟು ಪರದೆಯ ಮೇಲೆ ಕಾಲಿಟ್ಟಳು. ಬಂಡೆ ದಾಟಿ, ನೀರು ದಾಟಿ, ಹರಗೋಲಿನ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತಳು. ಇಷ್ಟು ವರ್ಷದಲ್ಲಿ ಪರದೆಯನ್ನು ಆಕೆ ಕಡೆಯ ಸಾಲಿನಿಂದಲ್ಲದೆ ನೋಡಿದ್ದಿಲ್ಲ. ಕಡೆಯ ಸಾಲಿನಿಂದ ದೇವಿಂದ್ರ ನಗುತ್ತಿದ್ದುದು ಕಾಣುತ್ತಿತ್ತು. ಎಡಗಣ್ಣಿನ ಮೇಲಿನ ಗಾಯದ ಕಲೆ, ಎಲೆ ಅಡಿಕೆ ಹಾಕಿದ ತುಟಿ, ಎಲ್ಲ ಕಾಣುತ್ತಿತ್ತು.

ಈಗ ನೋಡಿದರೆ ಅಲ್ಲಿ ಒಂದು ಕಪ್ಪು ಗೀಟು, ಅದರ ಮೇಲೆ ಒಂದು ಕೆಂಪು ಬೊಟ್ಟು, ಅಡ್ಡಲಾಗಿ ಒಂದು ಕಂದು ಗೀಟು. ಅಷ್ಟೇ ಇತ್ತು. ಆಕೆ ಬೆರಳಿನಿಂದ ಸವರಿ ನೋಡಿದಳು. ಬಣ್ಣ ಒಣಗಿ ಬಿರುಕು ಬಿಟ್ಟಿತ್ತು.

"ಮಾರಿ ಎಲ್ಲೈತ್ರಿ?"

ಚನ್ನಯ್ಯ ಹೇಳಿದ. "ಮಾರಿ ಬರದಿಲ್ಲ ತಂಗಿ. ಪರದಿ ಬರಿಯೋದು ಹಿಂದಿನ ಸಾಲಿನವರಿಗೆ. ದೂರಕ್ಕ ಕಾಣೂದಷ್ಟ ಬರೀತೀವಿ. ಉಳದದ್ದು ನೋಡೋರು ತುಂಬಿಕೊಳ್ತಾರ."

ಮಹೇಶಕುಮಾರ ಅವಸರದಿಂದ ತನ್ನ ಮೊಬೈಲು ಮುಂದೆ ಹಿಡಿದ. "ನಿನ್ನೆ ಸುತ್ತೋಕಿಂತ ಮೊದಲ ಫೋಟೋ ಹೊಡ್ಕೊಂಡೇನ್ರಿ, ದೊಡ್ಡದು ಮಾಡಿ ಕೊಡ್ತೀನಿ." ಆಕೆ ನೋಡಿದಳು. ಅವನು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದ. ಹಿಗ್ಗಿದಷ್ಟೂ ದೇವಿಂದ್ರ ಒಡೆದು ಜೋಳದ ಕಾಳಿನಂತೆ ಚೌಕ ಚೌಕ ಆದ. ಆಕೆ ಮೊಬೈಲನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು.

"ಜರಾ ಹೊರಗ ಹೋಗಿ ಬರ್ತೀನಿ" ಎಂದು ಎದ್ದಳು.

ಮರಳಿನಲ್ಲಿ ನಡೆದು ಹೋದಳು. ಮೀನು ಹಿಡಿಯುವವರು ಬೆಳಗಿನ ಕೆಲಸ ಮುಗಿಸಿ ಹೋಗಿದ್ದರು. ಬಲೆಗಳು ಹರಡಿದ್ದವು. ಆಕೆ ಒಂದು ಬಲೆಯ ಕಣ್ಣಿಗೆ ಬೆರಳು ಹಾಕಿ ಅಳತೆ ನೋಡಿದಳು. ಇವರ ಕಣ್ಣು ದೊಡ್ಡದು, ಗಂಟು ಮಾತ್ರ ತಮ್ಮದೇ. ನೀರಿನಿಂದ ದೂರಕ್ಕೆ ಎಳೆದು ಹಾಕಿದ ಐದಾರು ದೋಣಿ ಬೋರಲು ಮಲಗಿದ್ದವು, ತಳ ಬಿಸಿಲಿಗೆ ಒಡ್ಡಿಕೊಂಡು. ಒಂದು ಸಣ್ಣ ದೋಣಿ ಮರಳಲ್ಲಿ ಅರ್ಧ ಹೂತಿತ್ತು. ದೂರದಿಂದ ಅದು ಯಾರದೋ ಗುದ್ದಿನಂತೆ ಕಂಡಿತು.

ಅದರ ನೆರಳಿನಲ್ಲಿ ಕುಳಿತು ಬಳಿಚಕ್ರದಲ್ಲಿದ್ದ ಮಗಳಿಗೆ ಫೋನು ಹಚ್ಚಿದಳು.

"ಯವ್ವಾ, ಸಮುದ್ರ ಹ್ಯಾಂಗೈತಿ?" ಎಂದಳು ನಂದಿನಿ.

"ದೊಡ್ಡದೈತಿ. ನಂದಿನಿ, ನಿಮ್ಮಪ್ಪನ ಮಾರಿ ಹ್ಯಾಂಗಿತ್ತು ಹೇಳು."

"ಎಡಗಣ್ಣಿನ ಮ್ಯಾಲ ಕಲಿ, ಎಲಿ ಅಡಿಕಿ ಹಾಕಿದ ತುಟಿ, ನಗಾಕತ್ತಿದ್ರ ಒಂದು ಹಲ್ಲು ಮುರಿದದ್ದು ಕಾಣೂದು."

"ಎಲ್ಲಿ ನೋಡಿದ್ದಿ?"

"ಎಲ್ಲಿ ನೋಡ್ಲಿ ಯವ್ವಾ? ಪರದ್ಯಾಗ ಮಾರಿ ಎಲ್ಲಿತ್ತು, ಬರೇ ಕೆಂಪು ರುಮಾಲ ಇತ್ತು. ನೀ ತೊಡಿಮ್ಯಾಲ ಕುಂದ್ರಿಸಿಕೊಂಡು ಹೇಳ್ತಿದ್ದಿ, ನಾ ನೋಡ್ತಿದ್ದೆ."

"ಗೊತ್ತಿದ್ದೂ ಸುಮ್ಮನಿದ್ದೆಲ್ಲ."

"ನಿನಗ ಕಾಣ್ತಿತ್ತಲ್ಲ, ಅದಕ್ಕ."

ಫೋನು ಇಟ್ಟ ಮೇಲೆ ಮೌನಮ್ಮ ಬಹಳ ಹೊತ್ತು ಅಲ್ಲೇ ಕುಳಿತಳು. ಮುಖ ಆಕೆಯ ಹತ್ತಿರವೇ ಇತ್ತು, ಮಗಳ ಹತ್ತಿರವೂ ಇತ್ತು. ಹಾಗಾದರೆ ಪರದೆಯಲ್ಲಿ ಇದ್ದದ್ದು ಏನು? ನಡುನೀರಿನಲ್ಲಿ ನಿಂತ ಒಬ್ಬ ಮನುಷ್ಯ. ಈ ದಂಡೆಗೂ ಬಂದಿಲ್ಲ, ಆ ದಂಡೆಗೂ ಮುಟ್ಟಿಲ್ಲ. ಮೂವತ್ತು ವರ್ಷ ಅವನು ಹುಟ್ಟು ಕೆಳಗಿಟ್ಟಿಲ್ಲ. ತಾನೂ ಅವನಿಗಾಗಿ ಹಂಚು ಒಲೆಯ ಮೇಲಿಟ್ಟಿಲ್ಲ. ಆಕೆ ಪಕ್ಕದ ದೋಣಿಯ ತಳವನ್ನು ಬೆರಳ ಗಂಟಿನಿಂದ ಮೂರು ಸಲ ಬಡಿದು ನೋಡಿದಳು. ಕಟ್ಟಿಗೆಯ ಸದ್ದು ಬೇರೆ. ಆದರೂ ಆಕೆ ಎದ್ದು ಥೇಟರಿನ ಕಡೆ ಹೊರಟಳು.

ಒಳಗೆ ಚನ್ನಯ್ಯ ಡಬ್ಬಿಗಳ ಮುಂದೆ ಹಾಗೇ ಕುಳಿತಿದ್ದ. ಒಂದನ್ನೂ ತೆರೆದಿರಲಿಲ್ಲ. ಆಕೆ ಎದುರಿಗೆ ಕುಳಿತಳು.

"ಅಣ್ಣಾರ, ಅಳಸಬ್ಯಾಡ್ರಿ. ದಂಡಿಗಿ ಹಚ್ರಿ."

"ಹಂಗಂದ್ರ?"

"ಮೂವತ್ತು ವರ್ಷ ಆ ಮನಿಶ್ಯಾನ ನಡುನೀರಾಗ ನಿಂದ್ರಿಸಿರಿ. ಕಾಲು ಎಷ್ಟು ನೋವಾಗಿರಬೇಕು. ಹರಗೋಲ ಈ ದಂಡಿಗಿ ಎಳೀರಿ, ಬೋರಲ ಹಾಕ್ರಿ, ಬಾಜೂಕ ಹುಟ್ಟು ಇಡ್ರಿ. ಅವರನ್ನ ಬರಿಯೋದು ಬ್ಯಾಡ. ಹರಗೋಲ ಬೋರಲ ಬಿತ್ತು ಅಂದ್ರ ನಡೆಸೋನು ಮನಿಗಿ ಹೋದ ಅಂತ ಲೆಕ್ಕ. ಆಚಿ ದಂಡಿ ನಿಮಗ ಬಿಟ್ಟದ್ದು. ಅದು ಇನ್ನ ಯಾರಿಗೂ ಬೇಕಾಗಿಲ್ಲ."

ಚನ್ನಯ್ಯ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ಆಮೇಲೆ ಡಬ್ಬಿ ತೆರೆದ.

ಮಧ್ಯಾಹ್ನವೆಲ್ಲ ಅವನು ಪರದೆಯ ಮೇಲೆ ಅಂಬೆಗಾಲಿನಲ್ಲಿ ತಿರುಗಿದ. ಹಿಂದಿನ ಬಾಗಿಲು ತೆರೆದಿಟ್ಟು, ಒಮ್ಮೆ ಹೊರಗಿನ ನೀ‍ರು ನೋಡುವುದು, ಒಮ್ಮೆ ಕುಂಚ ಅದ್ದುವುದು. ಹಸಿರು ದಂಡೆ ಮೊಳ ಮೊಳ ನೀಲಿಯೊಳಗೆ ಮುಳುಗಿತು. ಕೆಳಗಿನ ಬಂಡೆಗಳು ಮರಳಾದವು. ಮರಳಿನ ಮೇಲೆ ಬೋರಲು ಬಿದ್ದ ದುಂಡು ಹರಗೋಲು ಮೂಡಿತು. ಹಳೆಯ ಹರಗೋಲು ಇದ್ದ ಜಾಗಕ್ಕೆ ಬಂದಾಗ ಅವನು ಕುಂಚ ತಡೆದು ಆಕೆಯ ಮುಖ ನೋಡಿದ. ಆಕೆ ತಲೆ ಆಡಿಸಿದಳು. ಎರಡು ಎಳೆತಕ್ಕೆ ಅಲ್ಲಿ ಬರೀ ನೀರು ಉಳಿಯಿತು. ಮೌನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗಟ್ಟಿಯಾಗಿ ಅಳಲಿಲ್ಲ.

ಕಡೆಗೆ ಚನ್ನಯ್ಯ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ. ಹರಗೋಲಿಗೆ ಒರಗಿಸಿದ ಹುಟ್ಟಿನ ತುದಿಗೆ ಒಂದಿಷ್ಟು ಕೆಂಪು ಹಚ್ಚಿದ, ಒಣಗಲು ಹಾಕಿದ ರುಮಾಲಿನಂತೆ.

ಅತೀಕ ಎರಡು ದೊಡ್ಡ ಫ್ಯಾನು ತಂದು ಹಚ್ಚಿದ. ಐದಕ್ಕೆ ಪರದೆ ಒಣಗಿತು, ಮೇಲೆ ಕಟ್ಟಿದರು. ಆಗ ಮೌನಮ್ಮ ರೊಟ್ಟಿಯ ಗಂಟು ಬಿಚ್ಚಿದಳು. ಎರಡು ಜೋಳದ ರೊಟ್ಟಿ, ಸೇಂಗಾ ಹಿಂಡಿ, ಒಂದು ಉಳ್ಳಾಗಡ್ಡೆ. ಅತೀಕ ತಂದುಕೊಟ್ಟ ಬಾಳೆ ಎಲೆಯ ಮೇಲೆ ಇಟ್ಟು, ಬಣ್ಣದ ಹರಗೋಲಿನ ಮುಂದೆ, ರಂಗದ ಹಲಗೆಯ ಮೇಲೆ ಎಡೆ ಹಿಡಿದಳು. ಮುಖಕ್ಕೆ ಬಣ್ಣ ಹಚ್ಚಿಕೊಂಡಿದ್ದ ತಂಡದವರು ಒಬ್ಬೊಬ್ಬರಾಗಿ ಬಂದು ನಿಂತರು. ಮಹೇಶಕುಮಾರ ಬೂಟು ಬಿಚ್ಚಿ ಪಕ್ಕಕ್ಕೆ ಇಟ್ಟ. ಹಿಂದಿನ ಬಾಗಿಲಿನಿಂದ ತೆರೆಯ ಸದ್ದು ಬರುತ್ತಿತ್ತು.

"ಉಣ್ರಿ" ಎಂದಳು ಮೌನಮ್ಮ, ಮೆಲ್ಲಗೆ. "ತಡ ಆತು."

ಆರೂವರೆಗೆ ಥೇಟರು ತುಂಬಿತು. ಆಕೆ ರೂಢಿಯಂತೆ ಕಡೆಯ ಸಾಲಿನಲ್ಲಿ ಕುಳಿತಳು. ಪಕ್ಕದಲ್ಲಿ ಒಬ್ಬ ವಯಸ್ಸಾದ ಮೀನುಗಾರ, ಅವನ ಹೆಂಡತಿ. ಮೊದಲ ಗಂಟೆ ಹೊಡೆಯಿತು, ಎರಡನೆಯದು ಹೊಡೆಯಿತು. ನೂರು ಸಲ ಕೇಳಿದ ಗಂಟೆ. ಆದರೆ ಮೂರನೆಯದು ಹೊಡೆದಾಗ ಆಕೆಗೆ ಗಂಟೆಯ ಹಿಂದೆ ಬೇರೆ ಸದ್ದೇ ಕೇಳಿಸಿತು, ಹರಗೋಲಿನ ಡಾಂಬರು ಬಳಿದ ತಳಕ್ಕೆ ಹುಟ್ಟು ಬಡಿದದ್ದು.

ಮಗ ಹೊರಡುವ ಹೊತ್ತು ಬಂತು. ಪರದೆ ಇಳಿಯಿತು. ಆಚೆ ದಂಡೆ ಇರಲಿಲ್ಲ. ನೀರು ನೀರಾಗಿಯೇ ಹೋಗಿ ಆಕಾಶಕ್ಕೆ ತಾಗಿತ್ತು. ಉಮಾಶ್ರೀ ಅದರ ಮುಂದೆ ನಿಂತು ಮಗನ ಕೈ ಬಿಟ್ಟಳು. ಯಾರೂ ನಗಲಿಲ್ಲ. ಪಕ್ಕದ ಮುದುಕ ಕುತ್ತಿಗೆ ಚಾಚಿ ಪರದೆ ನೋಡಿ ಹೆಂಡತಿಗೆ ಪಿಸುಗುಟ್ಟಿದ.

"ದೋಣಿ ಬೋರಲು ಹಾಕಿದ್ದಾನೆ ಕಾಣು. ಅವ ಮನೆಗೆ ಹೋಗಿರಬೇಕು."

ಎಂಟು ನಿಮಿಷ ಮುಗಿದು ಪರದೆ ಮೇಲೆ ಹೋಯಿತು. ಮೌನಮ್ಮನ ಕೈ ರೂಢಿಯಿಂದ ಗಂಟಿನ ಕಡೆ ಹೋಯಿತು. ಗಂಟು ಖಾಲಿಯಿತ್ತು. ಆಕೆ ಕೈಯನ್ನು ಮಡಿಲಿಗೆ ತಂದುಕೊಂಡು ಅಲ್ಲೇ ಕುಳಿತಳು. ಅರಮನೆ ಬಂತು, ಬೀದಿ ಬಂತು, ಬಡವರ ಮನೆ ಬಂತು. ಕಡೆಯ ಅಂಕದಲ್ಲಿ ಗಡ್ಡ ಬೆಳೆದ ಒಬ್ಬ ಮನುಷ್ಯ ಬಾಗಿಲಿಗೆ ಬಂದು ನಿಂತ. ಮುದುಕಿಗೆ ಗುರುತು ಹತ್ತಲಿಲ್ಲ. ಅವನು ನೀರು ಕೇಳಿದ. ಆಕೆ ಕೊಟ್ಟಳು. ಕೊಡುವಾಗ ಕೈ ನೋಡಿ ಗುರುತು ಹಿಡಿದಳು.

ಮುಗಿದ ಮೇಲೆ ಚನ್ನಯ್ಯ ಮತ್ತು ಅತೀಕ ಪರದೆ ಸುತ್ತತೊಡಗಿದರು. ಪರದೆಯನ್ನು ಕೆಳಗಿನಿಂದ ಸುತ್ತುತ್ತಾರೆ. ಮೊದಲು ಮರಳು ಹೋಯಿತು, ಹರಗೋಲು ಹೋಯಿತು, ಆಮೇಲೆ ನೀರು. ಮೌನಮ್ಮ ಬಿದಿರಿನ ಒಂದು ತುದಿ ಹಿಡಿದಳು.

"ಕಡೀತನಕ ಕುಂತಿದ್ದೆಲ್ಲ ಇವತ್ತು" ಎಂದ ಚನ್ನಯ್ಯ.

"ಕುಂತಿದ್ದೆ. ಅವ ತಿರುಗಿ ಬರ್ತಾನಂತ ಇಷ್ಟು ವರ್ಷ ನನಗ ಯಾರೂ ಹೇಳಿದ್ದಿಲ್ಲ."

"ನೀ ಯಾರನ್ನೂ ಕೇಳಿದ್ದಿಲ್ಲ."

ಬಿದಿರಿಗೆ ತಾಡಪಾಲು ಸುತ್ತಿ ಹಗ್ಗ ಬಿಗಿದರು. ಚನ್ನಯ್ಯ ಈ ಸಲ ಆಕೆಯ ಮುಖ ನೋಡಿಯೇ ಕೇಳಿದ. "ಬರೋ ತಿಂಗಳ ಬಳಿಚಕ್ರದಾಗ ನಾಟಕ ಐತಿ. ಚೀಟಿ ಹಚ್ಚಲೇನು?"

"ಬ್ಯಾಡ್ರಿ. ನೀವು ಹಿರ್ಯಾರು, ಇನ್ನ ಬಸ್ಸು ಹತ್ತಿ ಇಳದು ಮಾಡಬ್ಯಾಡ್ರಿ. ಹಿರೇರ ಅಮಾಸಿಗಿ ನಾನ ರಂಗಂಪ್ಯಾಟಿಗಿ ಬರ್ತೀನಿ. ನಂದಿನೀನೂ ಬರ್ತಾಳ." ಆಕೆ ಹಗ್ಗದ ಗಂಟು ಎಳೆದು ನೋಡಿದಳು, ಗಟ್ಟಿ ಇತ್ತು. "ಆ ಒಂದು ದಿನ ಪರದಿ ಯಾರಿಗೂ ಬಾಡಿಗಿ ಕೊಡಬ್ಯಾಡ್ರಿ."

"ಕೊಡೂದಿಲ್ಲ" ಎಂದ ಚನ್ನಯ್ಯ. "ಅಟ್ಟದಿಂದ ಇಳಿಸಿ, ಬಿಚ್ಚಿ ಇಟ್ಟಿರ್ತೀನಿ."